ಗಣಕಯಂತ್ರಕ್ಕೂ ಸಾಲಾವಳಿ ಉಂಟು!

ಗಂಡು ಒಳ್ಳೆಯವನು, ಹೆಣ್ಣೂ ಒಳ್ಳೆಯವಳು, ಎರಡು ಮನೆತನಗಳೂ ಮರ್ಯಾದಸ್ಥ ಮನೆತನಗಳೇ. ಆದರೂ ಸಾಲಾವಳಿ ಕೂಡಿಬರಲಿಲ್ಲವೆಂಬ ಒಂದೇ ಕಾರಣದಿಂದ ಮಾತುಕತೆ ಅರ್ಧಕ್ಕೇ ನಿಂತುಹೋದ ಪ್ರಸಂಗಗಳನ್ನು ಹಿರಿಯರು ಹೇಳುವುದುಂಟು. ಜಾತಕವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ ವಿಷಯ. ಆದರೆ ಜಾತಕವನ್ನು ಎಳ್ಳಷ್ಟೂ ನಂಬದ ಮನೆಯಲ್ಲಿಯೂ ಸಾಲಾವಳಿ ನೋಡದೆ ಗತ್ಯಂತರವಿಲ್ಲದಂಥ ವಸ್ತುವೊಂದು ಇಂದು ನಡುಮನೆಯಲ್ಲಿ ಬಂದು ಕುಳಿತಿದೆ. ಅದೇ ಗಣಕಯಂತ್ರ, ಎಂದರೆ ಕಂಪ್ಯೂಟರು.

ಮೈಸೂರಿನ ಸರಸ್ವತೀಪುರದಂಥ ಬಡಾವಣೆಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರು ಬ್ಯಾಂಕಿನಲ್ಲಿ ನೌಕರರು. ಮಗಳು ಕಾಲೇಜಿಗೆ ಹೋಗುತ್ತಾಳೆ. ತೀರ್ಥಹಳ್ಳಿಯ ಕಡೆಯಿಂದ ಬಂದ ಅಜ್ಜಿ ಜೊತೆಯಲ್ಲಿದ್ದಾರೆ. ಅಜ್ಜ ಉಪಾಧ್ಯಾಯರಾಗಿದ್ದವರು, ನಿವೃತ್ತರಾದ ಮೇಲೆ ಹಠ ಹಿಡಿದು ಕೀಲಿಮಣೆ ಕಲಿತು, ತಮ್ಮ ಬಾಲ್ಯ, ಹುಟ್ಟಿದೂರು, ಬಂಧುಬಳಗ ಎಲ್ಲವನ್ನೂ ಕುರಿತು ನೂರೆಂಬತ್ತು ಪುಟಗಳಷ್ಟು ಕನ್ನಡದಲ್ಲಿ ಟೈಪು ಮಾಡಿಟ್ಟು ತೀರಿಕೊಂಡರು. ಆ ಬರಹ ಇರುವುದು 2014ರಲ್ಲಿ ಕೊಂಡ ಮನೆಯ ಹಳೆಯ ಗಣಕದಲ್ಲಿ. ಅದು ಈಗಲೂ ಓಡುತ್ತದೆ. ಆದರೆ ಎತ್ತಿನ ಗಾಡಿಯಂತೆ ಓಡುತ್ತದೆ. ಜೊತೆಗೆ, ಈ ಯಂತ್ರವು ಹೊಸ ವಿಂಡೋಸ್‌ಗೆ ಅರ್ಹವಲ್ಲವೆಂಬ ಸೂಚನೆ ಒಂದು ದಿನ ಪರದೆಯ ಮೇಲೆ ಕಾಣಿಸಿಕೊಂಡಿತು.

ರಿಪೇರಿ ಅಂಗಡಿಯ ಹುಡುಗ ಬಂದು ನೋಡಿದ. “ಹೊಸ ರ್‍ಯಾಮ್, ಹೊಸ ಡಿಸ್ಕ್ ಹಾಕಿ, ಹಳೇದೆಲ್ಲ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿಕೊಡ್ತೀನಿ ಸಾರ್. ಸಂಜೆಗೆ ರೆಡಿ” ಎಂದ.

ಅಜ್ಜಿ ಅಡಿಗೆಮನೆಯ ಬಾಗಿಲಿನಿಂದಲೇ ಕೇಳಿದರು: “ಅವರು ಬರೆದಿಟ್ಟದ್ದು ಅದರಲ್ಲೇ ಉಂಟಲ್ಲ ಮಾರಾಯ, ಅದರ ಗತಿ ಎಂತ?”

“ಅದೆಲ್ಲಿಗೂ ಹೋಗೋಲ್ಲಮ್ಮ. ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ ಆಯಿತು” ಎಂದು ಮಗ ಸಮಾಧಾನ ಹೇಳಿದರು.

ಮನೆ ಕಲ್ಪಿತವಾದರೂ ಪ್ರಸಂಗ ಕಲ್ಪಿತವಲ್ಲ. ವಾಚಕರಲ್ಲಿ ಅನೇಕರ ಮನೆಯಲ್ಲಿ ಇದು ನಡೆದಿರಬಹುದು, ಇಲ್ಲವೇ ನಾಳೆ ನಡೆಯಬಹುದು. ಅಂಗಡಿಯ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ; ಮಗ ಹೇಳಿದ್ದರಲ್ಲಿಯೂ ಸುಳ್ಳಿಲ್ಲ. ಆದರೂ ಇಬ್ಬರೂ ಹೇಳಿದಂತೆಯೇ ಮಾಡಿದ್ದರೆ ಅಜ್ಜನ ಬರಹ ಸಂಜೆಯ ಹೊತ್ತಿಗೆ ಯಾರೂ ಓದಲಾರದ ಬರಹವಾಗುತ್ತಿತ್ತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಈ ಯಂತ್ರದ ಒಳಸಂಸಾರವನ್ನು ಸ್ವಲ್ಪ ನೋಡಬೇಕು.

ಮೂರು ಅಂತಸ್ತಿನ ಮನೆ

ಗಣಕವೆಂಬುದು ಒಂದು ವಸ್ತುವಲ್ಲ, ಅದೊಂದು ಕೂಡುಕುಟುಂಬ. ಕೈಯಿಂದ ಮುಟ್ಟಬಹುದಾದ ಭಾಗಗಳೆಲ್ಲ ಯಂತ್ರಾಂಶ. ಲೆಕ್ಕ ಮಾಡುವ ಪ್ರೊಸೆಸರ್, ಕೆಲಸದ ಹೊತ್ತಿನಲ್ಲಿ ವಿಷಯವನ್ನು ನೆನಪಿಟ್ಟುಕೊಳ್ಳುವ ರ್‍ಯಾಮ್, ಶಾಶ್ವತವಾಗಿ ಕೂಡಿಡುವ ಡಿಸ್ಕ್, ಇವೆಲ್ಲವನ್ನೂ ಹಿಡಿದು ನಿಲ್ಲಿಸುವ ಮದರ್‌ಬೋರ್ಡ್, ಇವು ಕೆಳಗಿನ ಅಂತಸ್ತು. ಅದರ ಮೇಲೆ ಕಾರ್ಯಾಚರಣೆಯ ವ್ಯವಸ್ಥೆ. ವಿಂಡೋಸ್, ಲಿನಕ್ಸ್ ಮುಂತಾದವು ಈ ಜಾತಿಗೆ ಸೇರಿದವು. ಅದರ ಮೇಲೆ ಪತ್ರ ಬರೆಯುವ, ಚಿತ್ರ ನೋಡುವ, ಲೆಕ್ಕ ಇಡುವ ತಂತ್ರಾಂಶಗಳು. ಮೊದಲೆರಡು ಅಂತಸ್ತುಗಳ ನಡುವೆ ಮಾತು ಸಾಗಿಸುವುದಕ್ಕೆ ದುಭಾಷಿಗಳಿರುತ್ತಾರೆ. ಅವರಿಗೆ ಡ್ರೈವರ್ ಎಂದು ಹೆಸರು. ಪ್ರಿಂಟರಿಗೊಬ್ಬ ದುಭಾಷಿ, ಸ್ಕ್ಯಾನರಿಗೊಬ್ಬ ದುಭಾಷಿ.

ಈ ಸಂಸಾರದಲ್ಲಿ ಒಬ್ಬರ ಬಲ ಮುಖ್ಯವಲ್ಲ, ಎಲ್ಲರ ಹೊಂದಾಣಿಕೆ ಮುಖ್ಯ. ಹೊಸದಾಗಿ ಬಂದ ಭಾಗ ಎಷ್ಟೇ ಶಕ್ತವಾಗಿರಲಿ, ಪಕ್ಕದ ಭಾಗದೊಡನೆ ಅದಕ್ಕೆ ಮಾತು ಕೂಡಿಬರದಿದ್ದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ ಆಗುತ್ತದೆ.

ಹೊಂದಾಣಿಕೆಯ ಹಿಂದಿನ ಕಥೆ

ಇಂದು ಹೊಂದಾಣಿಕೆಯನ್ನು ನಾವು ಹಕ್ಕೆಂಬಂತೆ ನಿರೀಕ್ಷಿಸುತ್ತೇವೆ. ಮೊದಲು ಹಾಗಿರಲಿಲ್ಲ. 1960ರ ದಶಕದ ಆರಂಭದವರೆಗೆ ಅಮೆರಿಕದ ಐಬಿಎಂ ಕಂಪನಿಯೇ ತಯಾರಿಸುತ್ತಿದ್ದ ಬೇರೆ ಬೇರೆ ಮಾಲಿಕೆಯ ಗಣಕಗಳು ಒಂದರ ಆಜ್ಞೆ ಇನ್ನೊಂದಕ್ಕೆ ತಿಳಿಯದಂತೆ ಇದ್ದವು. ಸಣ್ಣ ಯಂತ್ರ ಕೊಂಡ ಸಂಸ್ಥೆ ಬೆಳೆದು ದೊಡ್ಡ ಯಂತ್ರ ಕೊಂಡರೆ, ವರ್ಷಗಟ್ಟಲೆ ಕುಳಿತು ಬರೆಸಿದ ತಂತ್ರಾಂಶವನ್ನೆಲ್ಲ ಮೊದಲಿನಿಂದ ಬರೆಸಬೇಕಾಗುತ್ತಿತ್ತು.

1964ರ ಏಪ್ರಿಲ್ 7ರಂದು ಅದೇ ಕಂಪನಿ ‘ಸಿಸ್ಟಂ 360’ ಎಂಬ ಗಣಕಗಳ ಕುಟುಂಬವನ್ನು ಪ್ರಕಟಿಸಿತು. ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಯಂತ್ರಗಳಿಗೂ ಒಂದೇ ಆಜ್ಞಾಭಾಷೆ ಎಂಬುದೇ ಅದರ ಹೆಚ್ಚುಗಾರಿಕೆ. ಯೋಜನೆಯ ಹೊಣೆ ಹೊತ್ತವರು ಫ್ರೆಡ್ ಬ್ರೂಕ್ಸ್. ಅದರ ವಿನ್ಯಾಸವನ್ನು ರೂಪಿಸಿದವರಲ್ಲಿ ಜೀನ್ ಆಮ್ಡಾಲ್ ಪ್ರಮುಖರು. ಹಳೆಯ ಗಿರಾಕಿಗಳ ಕೈ ಬಿಡಬಾರದೆಂದು, ಹಿಂದಿನ 1401 ಎಂಬ ಯಂತ್ರದಂತೆ ನಟಿಸುವ ಸಾಮರ್ಥ್ಯವನ್ನೂ ಕುಟುಂಬದ ಸಣ್ಣ ಮಾದರಿಗಳಿಗೆ ಕೊಟ್ಟಿದ್ದರು. ಯಂತ್ರ ಹಳೆಯದಾದರೂ ಅದರ ಮೇಲೆ ಮಾಡಿದ ಕೆಲಸ ಹಳೆಯದಾಗಬಾರದು ಎಂಬ ತತ್ತ್ವ ಹೀಗೆ ಬೇರೂರಿತು.

ಮನೆಯ ಗಣಕಗಳಲ್ಲಿಯೂ ಇದೇ ತತ್ತ್ವ ನಡೆದುಬಂದಿದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಒಳಗಿದ್ದುದು ಇಂಟೆಲ್‌ನ 8088 ಎಂಬ ಪ್ರೊಸೆಸರ್. 1985ರಲ್ಲಿ ಬಂದ 386 ಅದರ ಆಜ್ಞೆಗಳನ್ನೆಲ್ಲ ಉಳಿಸಿಕೊಂಡೇ 32 ಬಿಟ್‌ಗಳ ವ್ಯವಸ್ಥೆಗೆ ಬೆಳೆಯಿತು. 2003ರಲ್ಲಿ ಎಎಂಡಿ ಕಂಪನಿ ಅದನ್ನೂ ಒಳಗಿಟ್ಟುಕೊಂಡು 64 ಬಿಟ್‌ಗಳ ಪ್ರೊಸೆಸರನ್ನು ತಂದಿತು. ಹಳೆಯ ಮನೆಯನ್ನು ಕೆಡವದೆ ಮೇಲೊಂದು ಮಹಡಿ ಎಬ್ಬಿಸಿದಂತೆ. ಆದರೆ ಮಹಡಿ ಹತ್ತುತ್ತಾ ಹೋದವರಿಗೆ ನೆಲಮಾಳಿಗೆಯ ಬಾಗಿಲು ಎಂದಾದರೊಂದು ದಿನ ಮುಚ್ಚಿಹೋಗುವುದೂ ಸಹಜವೇ.

ಕೂತ ಮಾತ್ರಕ್ಕೆ ಕೂಡಿತೆಂದಲ್ಲ

ಮೊದಲು ಯಂತ್ರಾಂಶದ ಸಾಲಾವಳಿ. ನಮ್ಮ ಮನೆಯ ಗಣಕಕ್ಕೆ ರ್‍ಯಾಮ್ ಹೆಚ್ಚಿಸಬೇಕು. ಅಂಗಡಿಯಲ್ಲಿ ರ್‍ಯಾಮ್ ಎಂದು ಕೇಳಿದರೆ ಸಾಲದು. ಯಾವ ಪೀಳಿಗೆಯದೆಂದು ಹೇಳಬೇಕು. 2007ರ ಸುಮಾರಿಗೆ ಬಂದ ಡಿಡಿಆರ್ 3 ರ್‍ಯಾಮ್ 1.5 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. 2014ರ ಡಿಡಿಆರ್ 4ಕ್ಕೆ 1.2 ವೋಲ್ಟು ಸಾಕು. ಅದರ ಮುಂದಿನ ಡಿಡಿಆರ್ 5ಕ್ಕೆ 1.1 ವೋಲ್ಟು. ತಪ್ಪಿ ಒಂದನ್ನು ಇನ್ನೊಂದರ ಜಾಗದಲ್ಲಿ ಕೂಡಿಸಬಾರದೆಂದೇ ಪಟ್ಟಿಯ ಕೆಳಗಿನ ಕಚ್ಚನ್ನು ಪ್ರತಿ ಪೀಳಿಗೆಯಲ್ಲಿಯೂ ಬೇರೆ ಸ್ಥಳದಲ್ಲಿ ಕೊರೆದಿರುತ್ತಾರೆ. ಕೂಡಲಿಲ್ಲವೆಂದು ಒತ್ತಿ ತುರುಕಿದರೆ ಹೋಗುವುದು ಬೋರ್ಡು.

ಇದಾದರೂ ಕಣ್ಣಿಗೆ ಕಾಣುವ ಭೇದ. ಕಾಣದ ಭೇದಗಳೇ ಹೆಚ್ಚು ಅಪಾಯ. ಇಂಟೆಲ್ ಕಂಪನಿಯ 6, 7 ಮತ್ತು 8ನೆಯ ಪೀಳಿಗೆಯ ಮೇಜುಗಣಕದ ಪ್ರೊಸೆಸರುಗಳು ಕೂರುವ ಪೀಠಕ್ಕೆ 1151 ಎಂಬ ಒಂದೇ ಹೆಸರು, ಅಳತೆಯೂ ಒಂದೇ. ಆದರೆ 2017ರಲ್ಲಿ ಬಂದ 8ನೆಯ ಪೀಳಿಗೆಯ ಪ್ರೊಸೆಸರನ್ನು 6ನೆಯ ಪೀಳಿಗೆಗಾಗಿ ಮಾಡಿದ ಬೋರ್ಡಿನ ಮೇಲೆ ಕೂಡಿಸಿದರೆ ಅದು ಸೊಗಸಾಗಿ ಕೂರುತ್ತದೆ. ಯಂತ್ರ ಮಾತ್ರ ಏಳುವುದಿಲ್ಲ. ಒಳಗಿನ ವಿದ್ಯುತ್ ಜೋಡಣೆ ಬದಲಾಗಿದೆ, ಬೋರ್ಡಿನ ನಿಯಂತ್ರಕವೂ ಬದಲಾಗಿದೆ. ಹೆಸರು ಕೂಡಿತು, ಗೋತ್ರ ಕೂಡಲಿಲ್ಲ ಎಂದಂತಾಯಿತು.

ಡಿಸ್ಕಿನ ವಿಷಯದಲ್ಲಿ ಹಳೆಯ ಗಣಕದವರಿಗೆ ಶುಭವಾರ್ತೆಯೇ ಇದೆ. 2003ರಿಂದ ಬಳಕೆಗೆ ಬಂದ ಸಾಟಾ ಎಂಬ ಜೋಡಣೆ ಹಿಂದಿನದನ್ನೂ ಮುಂದಿನದನ್ನೂ ಒಪ್ಪಿಕೊಳ್ಳುವ ಸಂಪ್ರದಾಯಸ್ಥ ಜೋಡಣೆ. ಹತ್ತು ಹನ್ನೆರಡು ವರ್ಷ ಹಳೆಯ ಯಂತ್ರದಲ್ಲಿಯೂ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕನ್ನು ತೆಗೆದು, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಅದೇ ತಂತಿಗೆ ಸಿಕ್ಕಿಸಬಹುದು. ಮುದಿ ಯಂತ್ರಕ್ಕೆ ಹರೆಯ ಬಂದಂತೆ ಕಾಣುವುದು ಈ ಒಂದು ಬದಲಾವಣೆಯಿಂದಲೇ. ಆದರೆ ಅದೇ ಎಸ್‌ಎಸ್‌ಡಿಯ ಇನ್ನೊಂದು ಜಾತಿಯಾದ ಎನ್‌ವಿಎಂಇ ಪಟ್ಟಿಗೆ ಬೇರೆ ಕಂಡಿ ಬೇಕು. ಕಂಡಿ ಇದ್ದರೂ ಹಳೆಯ ಬೋರ್ಡು ಅದರಿಂದ ಯಂತ್ರವನ್ನು ಎಬ್ಬಿಸಲಾರದೆ ಹೋಗಬಹುದು.

ಚಿತ್ರಗಳಿಗಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರು ವಿದ್ಯುತ್ ಪೆಟ್ಟಿಗೆಯ ಶಕ್ತಿಯನ್ನು ನೋಡಬೇಕು. ಬೋರ್ಡಿನ ಕಂಡಿಯಿಂದ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ 75 ವಾಟ್. ಮಿಕ್ಕದ್ದು ಪೆಟ್ಟಿಗೆಯಿಂದ ನೇರವಾಗಿ ಬರಬೇಕು. ಕಾರ್ಡಿಗೆ ಹಣ ತೆತ್ತು, ಮನೆಗೆ ತಂದ ಮೇಲೆ ಪೆಟ್ಟಿಗೆಯಲ್ಲಿ ಆ ತಂತಿಯೇ ಇಲ್ಲವೆಂದು ತಿಳಿಯುವವರು ಅನೇಕರು.

ಇವೆಲ್ಲಕ್ಕಿಂತ ಅಗ್ಗದ ಭಾಗವೊಂದನ್ನು ಮರೆಯಬಾರದು. ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಗಣಕದ ಗಡಿಯಾರ ಹಿಂದಿನ ಯಾವುದೋ ಇಸವಿಗೆ ಹೋಗಿ ನಿಲ್ಲುತ್ತದೆ. ದಿನಾಂಕ ತಪ್ಪಾದ ಕೂಡಲೆ ಅಂತರಜಾಲದ ಭದ್ರತಾಪತ್ರಗಳು ಹೊಂದುವುದಿಲ್ಲ. ಬ್ಯಾಂಕಿನ ಪುಟ ತೆರೆಯುವುದಿಲ್ಲ. ಯಂತ್ರ ಹಾಳಾಯಿತೆಂದು ಹೊಸದನ್ನು ಕೊಳ್ಳಹೊರಟವರು ಮೊದಲು ಈ ನಾಣ್ಯವನ್ನು ಬದಲಾಯಿಸಿ ನೋಡುವುದು ಲೇಸು.

ಮೂವತ್ತೆರಡೋ, ಅರವತ್ತನಾಲ್ಕೋ?

ಇನ್ನು ಎರಡನೆಯ ಅಂತಸ್ತು. ನಮ್ಮ ಮನೆಯ ಗಣಕದ ಪ್ರೊಸೆಸರ್ ಇಂಟೆಲ್‌ನ 4ನೆಯ ಪೀಳಿಗೆಯದು, 64 ಬಿಟ್‌ಗಳದು. ಆದರೆ ಕೊಂಡ ದಿನ ಅದರಲ್ಲಿ ಹಾಕಿದ್ದು 32 ಬಿಟ್‌ಗಳ ವಿಂಡೋಸ್ 7. ಮುಂದೆ 2016ರಲ್ಲಿ ಅದನ್ನೇ ವಿಂಡೋಸ್ 10ಕ್ಕೆ ಏರಿಸಿದಾಗಲೂ ಅದು 32 ಬಿಟ್‌ಗಳಲ್ಲಿಯೇ ಉಳಿಯಿತು. ಇದರಿಂದ ಬಾಧಕವೇನು?

32 ಬಿಟ್‌ಗಳ ಸಂಖ್ಯೆಯಿಂದ ಎಣಿಸಬಹುದಾದ ಮನೆಗಳು 429 ಕೋಟಿ 49 ಲಕ್ಷ 67 ಸಾವಿರದ 296. ಎಂದರೆ 4 ಗಿಗಾಬೈಟ್. ಅದರಲ್ಲಿಯೂ ಒಂದು ಪಾಲು ಇತರ ಭಾಗಗಳ ವಿಳಾಸಕ್ಕೆಂದು ಹೋಗುವುದರಿಂದ ಕೈಗೆ ಸಿಗುವುದು 3 ಅಥವಾ 3.5 ಗಿಗಾಬೈಟ್ ಮಾತ್ರ. ಆದ್ದರಿಂದ 8 ಗಿಗಾಬೈಟ್ ರ್‍ಯಾಮ್ ತಂದು ಕೂಡಿಸಿದರೂ 32 ಬಿಟ್‌ಗಳ ವಿಂಡೋಸ್ ಅದರ ಅರ್ಧಕ್ಕಿಂತ ಹೆಚ್ಚನ್ನು ಮುಟ್ಟುವುದಿಲ್ಲ. ರ್‍ಯಾಮ್ ಹೆಚ್ಚಿಸಬೇಕಾದರೆ ವಿಂಡೋಸ್ ಬದಲಾಗಬೇಕು. 32ರಿಂದ 64ಕ್ಕೆ ಹಾಗೆಯೇ ಏರುವ ಮೆಟ್ಟಿಲಿಲ್ಲ; ಹೊಸದಾಗಿ ಅನುಸ್ಥಾಪಿಸಬೇಕು. ‘ಹಳೇದೆಲ್ಲ ಅಳಿಸಿ’ ಎಂದು ಅಂಗಡಿಯ ಹುಡುಗ ಹೇಳಿದ್ದು ಈ ಕಾರಣದಿಂದ.

64 ಬಿಟ್‌ಗಳ ಮನೆಗೆ ಹೋದ ಮೇಲೆ 32 ಬಿಟ್‌ಗಳ ತಂತ್ರಾಂಶಗಳು ಸಾಮಾನ್ಯವಾಗಿ ನಡೆಯುತ್ತವೆ. ಆದರೆ ಡಾಸ್ ಮತ್ತು ವಿಂಡೋಸ್ 3.1ರ ಕಾಲದ 16 ಬಿಟ್‌ಗಳ ತಂತ್ರಾಂಶಗಳು ನಡೆಯವು. ದುಭಾಷಿಗಳ ವಿಷಯ ಇನ್ನೂ ಬಿಗಿ: 64 ಬಿಟ್‌ಗಳ ವಿಂಡೋಸ್ 32 ಬಿಟ್‌ಗಳ ಡ್ರೈವರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರಿಂಟರಿನ ಯಂತ್ರ ಗಟ್ಟಿಮುಟ್ಟಾಗಿದ್ದರೂ ತಯಾರಕರು 64 ಬಿಟ್‌ಗಳ ಡ್ರೈವರ್ ಬರೆಯದೆ ಬಿಟ್ಟಿದ್ದರೆ ಆ ಪ್ರಿಂಟರು ಮೂಕವಾಗುತ್ತದೆ. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಜಗತ್ತಿನಾದ್ಯಂತ ಕೇಳಿಬಂದ ಗೊಣಗಾಟದಲ್ಲಿ ಡ್ರೈವರುಗಳದೇ ಸಿಂಹಪಾಲು. ಅದಕ್ಕೆ ಮುನ್ನ, 2006ರಲ್ಲಿ, ಮಾರಾಟದ ಗಣಕಗಳಿಗೆ ‘ವಿಸ್ಟಾ ಕೇಪಬಲ್’ ಎಂಬ ಚೀಟಿ ಅಂಟಿಸಿದ್ದರು. ಅವುಗಳಲ್ಲಿ ಹಲವು, ವಿಸ್ಟಾದ ಕನಿಷ್ಠ ಆವೃತ್ತಿಯನ್ನಷ್ಟೇ ನಡೆಸಬಲ್ಲವಾಗಿದ್ದವು. ಅದರ ಹೊಸ ಬೆಡಗು ಅವುಗಳ ಪಾಲಿಗಿರಲಿಲ್ಲ. 2007ರಲ್ಲಿ ಅಮೆರಿಕದ ಗಿರಾಕಿಗಳು ಇದರ ಮೇಲೆ ದಾವೆಯನ್ನೇ ಹೂಡಿದರು. ‘ಓಡುತ್ತದೆ’ ಎಂಬ ಮಾತಿಗೂ ‘ಚೆನ್ನಾಗಿ ಓಡುತ್ತದೆ’ ಎಂಬ ಮಾತಿಗೂ ಇರುವ ಅಂತರ ಅಂಗಡಿಯ ಬಾಗಿಲಲ್ಲಿ ತಿಳಿಯುವುದಿಲ್ಲ.

ಗಡುವು ಮೀರಿದ ಮೇಲೆ

ಗಣಕ ಚೆನ್ನಾಗಿಯೇ ಇರುವಾಗ ಬದಲಾಯಿಸುವ ತಾಪತ್ರಯವೇಕೆ ಎಂದು ಕೇಳಬಹುದು. ಕಾರ್ಯಾಚರಣೆಯ ವ್ಯವಸ್ಥೆಗೆ ಆಯುಸ್ಸು ಗೊತ್ತುಪಡಿಸಿರುತ್ತಾರೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನಗಳಾದವು. ಆ ದಿನದ ಅನಂತರ ಯಂತ್ರ ನಿಂತುಹೋಗುವುದಿಲ್ಲ. ಹೊಸದಾಗಿ ಕಂಡುಬಂದ ಬಿರುಕುಗಳಿಗೆ ತೇಪೆ ಬರುವುದು ನಿಲ್ಲುತ್ತದೆ. ಕ್ರಮೇಣ ಇತರ ತಂತ್ರಾಂಶಗಳೂ ಕೈಬಿಡುತ್ತವೆ. ಗೂಗಲ್‌ನ ಕ್ರೋಮ್ ವಿಂಡೋಸ್ 7ನ್ನು 2023ರ ಆರಂಭದಲ್ಲಿ ಕೈಬಿಟ್ಟಿತು. ಬಾಗಿಲಿಗೆ ಬೀಗವಿಲ್ಲದ ಮನೆಯಲ್ಲಿ ಪಿಂಚಣಿಯ ಲೆಕ್ಕ, ಬ್ಯಾಂಕಿನ ಗುಪ್ತಪದ ಇಡುವುದು ಜಾಣತನವಲ್ಲ.

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ತನ್ನ ಸಾಲಾವಳಿಯನ್ನು ಕಟ್ಟುನಿಟ್ಟು ಮಾಡಿತು. 64 ಬಿಟ್‌ಗಳ ಯಂತ್ರವಾಗಿರಬೇಕು. 4 ಗಿಗಾಬೈಟ್ ರ್‍ಯಾಮ್, 64 ಗಿಗಾಬೈಟ್ ಸ್ಥಳ ಇರಬೇಕು. ಬೀಗದಕೈಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಪ್ರೊಸೆಸರು ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್‌ನವುಗಳಲ್ಲಿ ಸಾಮಾನ್ಯವಾಗಿ 8ನೆಯ ಪೀಳಿಗೆಯವು ಮತ್ತು ಅನಂತರದವು ಮಾತ್ರ ಈ ಪಟ್ಟಿಯಲ್ಲಿವೆ. ಒಂದು ಮಾತನ್ನು ಗಮನಿಸಬೇಕು: ಹಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ, ಅದನ್ನು ಚಾಲೂ ಮಾಡಿರುವುದಿಲ್ಲ. ಯಂತ್ರ ಏಳುವಾಗ ತೆರೆಯುವ ಸಜ್ಜಿಕೆಯ ಪುಟದಲ್ಲಿ ಅದನ್ನು ಚಾಲೂ ಮಾಡಿದರೆ ‘ಅನರ್ಹ’ವೆನಿಸಿದ ಯಂತ್ರ ಅರ್ಹವಾಗುವುದುಂಟು. ಮೈಕ್ರೊಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವು ಯಾವ ಅಂಶದಲ್ಲಿ ಕೊರತೆಯಿದೆ ಎಂಬುದನ್ನು ತೋರಿಸುತ್ತದೆ. ಹಿತ್ತಿಲ ಬಾಗಿಲಿನಿಂದ ವಿಂಡೋಸ್ 11ನ್ನು ತೂರಿಸುವ ಉಪಾಯಗಳೂ ಪ್ರಚಾರದಲ್ಲಿವೆ. ಅಂಥ ಯಂತ್ರಗಳಿಗೆ ಮುಂದೆ ತೇಪೆಗಳು ಬರುವ ಭರವಸೆ ಇಲ್ಲವೆಂದು ಕಂಪನಿಯೇ ಹೇಳಿದೆ.

ನಮ್ಮ ಮನೆಯ 4ನೆಯ ಪೀಳಿಗೆಯ ಯಂತ್ರಕ್ಕೆ ಈ ಯೋಗವಿಲ್ಲ. ಹಾಗಾದರೆ ಉಳಿದ ದಾರಿಗಳು ಯಾವುವು? ನೋಂದಾಯಿಸಿಕೊಂಡ ಮನೆಬಳಕೆಯ ವಿಂಡೋಸ್ 10 ಗಣಕಗಳಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಒದಗಿಸುವ ಏರ್ಪಾಡನ್ನು ಕಂಪನಿ ಪ್ರಕಟಿಸಿತು. ಅದು ಉಸಿರು ತೆಗೆದುಕೊಳ್ಳಲು ಕೊಟ್ಟ ವಿರಾಮ. ಬೋರ್ಡು, ಪ್ರೊಸೆಸರು, ರ್‍ಯಾಮ್ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಇನ್ನೊಂದು ದಾರಿ. ಅದು ಹೊಸ ಯಂತ್ರ ಕೊಂಡಷ್ಟೇ ಸರಿ. ಮೂರನೆಯದು ಲಿನಕ್ಸ್. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆ ಹಳೆಯ ಯಂತ್ರಗಳ ಮೇಲೆ ದಯೆಯುಳ್ಳದ್ದು. ಅದನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಡಿಸ್ಕಿನ ಮೇಲಿರುವ ಒಂದಕ್ಷರವನ್ನೂ ಅಳಿಸದೆ, ತಮ್ಮ ಪ್ರಿಂಟರು, ವೈಫೈ ಎಲ್ಲವೂ ಒಪ್ಪುತ್ತವೆಯೇ ಎಂದು ಪರೀಕ್ಷಿಸಬಹುದು. ತಾಂಬೂಲ ಬದಲಾಯಿಸುವ ಮುನ್ನ ಎರಡೂ ಕಡೆಯವರು ಕಂಡು ಮಾತಾಡಿದಂತೆ! ಆದರೆ ಆ ದಯೆಗೂ ಮಿತಿಯುಂಟು. ಲಿನಕ್ಸಿನ ಹಳೆಯ ಶಾಖೆಗಳಲ್ಲೊಂದಾದ ಡೆಬಿಯನ್ ತನ್ನ 2025ರ ಆವೃತ್ತಿಯಿಂದ 32 ಬಿಟ್‌ಗಳ ಪಿಸಿಗಳಿಗೆ ಅನುಸ್ಥಾಪನೆಯ ಪ್ರತಿಯನ್ನು ನಿಲ್ಲಿಸಿತು. ವಿಂಡೋಸ್‌ಗೆಂದೇ ಬರೆದ ತಂತ್ರಾಂಶಗಳು ಲಿನಕ್ಸಿನಲ್ಲಿ ನೇರವಾಗಿ ನಡೆಯವೆಂಬುದನ್ನೂ ಮರೆಯಬಾರದು.

ಅಕ್ಷರಗಳ ಸಾಲಾವಳಿ

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಮೊಮ್ಮಗಳು ಹುಷಾರಿಯಾದ ಹುಡುಗಿ. ಹಳೆಯದನ್ನು ಅಳಿಸುವುದಕ್ಕೆ ಮೊದಲು ಅಜ್ಜನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಗೆಳತಿಯ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು. ಫೈಲು ತೆರೆಯಿತು. ನೂರೆಂಬತ್ತು ಪುಟಗಳೂ ಇದ್ದವು. ಆದರೆ ಒಂದು ಪುಟದಲ್ಲಿಯೂ ಒಂದು ಕನ್ನಡ ಅಕ್ಷರವಿರಲಿಲ್ಲ! ಇಂಗ್ಲಿಷಿನ ಬಿಡಿ ಅಕ್ಷರಗಳು, ನೆತ್ತಿಯ ಮೇಲೆ ಗೆರೆ, ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ!

ಆದದ್ದೇನು? ಕನ್ನಡವನ್ನು ಗಣಕಕ್ಕೆ ಕಲಿಸಿದ ಸಾಹಸದ ಕಥೆ ದೊಡ್ಡದು. 1980ರ ದಶಕದ ಕೊನೆಯಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಎಂಬ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಆಗ ಲಿಪಿಯೇ ಯಂತ್ರಾಂಶ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿ, ಸರ್ಕಾರಿ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಹರಡಿತು. ಸಾವಿರಾರು ಜನ ಕನ್ನಡದಲ್ಲಿ ಟೈಪು ಮಾಡಲು ಧೈರ್ಯ ತಂದುಕೊಂಡದ್ದು ಇವುಗಳಿಂದ.

ಆದರೆ ಆ ಕಾಲದ ಉಪಾಯದಲ್ಲಿ ಒಂದು ಗುಟ್ಟಿತ್ತು. ಗಣಕದ ಒಳಗೆ ಕನ್ನಡ ಅಕ್ಷರಗಳಿಗೆ ಸ್ವಂತ ಸ್ಥಾನವಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸಿದ್ದರು. ಹಳೆಯ ನುಡಿಯಲ್ಲಿ ‘ಕ’ ಎಂದು ಬರೆದರೆ ಒಳಗೆ ಶೇಖರವಾಗುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೆರೆಯಿರುವ ‘ಎ’. ನುಡಿಯ ಫಾಂಟು ಇರುವವರೆಗೆ ಅದು ‘ಕ’ ಎಂದು ಕಾಣುತ್ತದೆ. ಫಾಂಟಿಲ್ಲದ ಯಂತ್ರದಲ್ಲಿ ಬಣ್ಣ ತೊಳೆದ ವೇಷಧಾರಿಯಂತೆ ನಿಜರೂಪ ಕಾಣುತ್ತದೆ. ಅಜ್ಜ ಬರೆದದ್ದು ಹಳೆಯ ನುಡಿಯಲ್ಲಿ.

ಇಂದಿನ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಸಂಖ್ಯೆಗಳು ಕನ್ನಡಕ್ಕೆ ಮೀಸಲು. ‘ಕ’ಕಾರದ ಸಂಖ್ಯೆ 3221. ಜಗತ್ತಿನ ಯಾವ ಗಣಕದಲ್ಲಿಯೂ, ಯಾವ ಫೋನಿನಲ್ಲಿಯೂ 3221 ಎಂದರೆ ಕನ್ನಡದ ‘ಕ’ವೇ ಹೊರತು ಬೇರೆಯಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಈ ಸ್ಥಾನವನ್ನು ಮನೆಮನೆಯ ಗಣಕಕ್ಕೂ ತಂದಿತು.

ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನಗಳಿವೆ. ಆದರೆ ಅವುಗಳ ಕೆಲಸ ಸುಲಭವಲ್ಲ. ನಮ್ಮ ಅರ್ಕಾವತ್ತನ್ನೇ ನೋಡಿರಿ. ಉಚ್ಚಾರಣೆಯಲ್ಲಿ ರಕಾರ ಮೊದಲು, ಬರವಣಿಗೆಯಲ್ಲಿ ಅದರ ಗುರುತು ಅನಂತರ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತಿದ್ದವು. ಪರಿವರ್ತಕ ಸ್ವಲ್ಪ ಎಡವಿದರೆ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ, ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಅಂತರಜಾಲದಲ್ಲಿ ‘ಕನಾರ್ಟಕ’ವನ್ನು ಕಂಡು ನಕ್ಕವರಿಗೆ ಅದರ ಮೂಲ ಇಲ್ಲಿದೆ.

ಕ್ರಮ ತಪ್ಪಬಾರದು

ಅಂಗಡಿಯ ಹುಡುಗ ಹೇಳಿದ ಕ್ರಮ ಯಂತ್ರದಿಂದ ಆರಂಭವಾಗುತ್ತದೆ: ಮೊದಲು ಭಾಗ, ಆಮೇಲೆ ವಿಂಡೋಸ್, ಆಮೇಲೆ ತಂತ್ರಾಂಶ, ಕೊನೆಗೆ ಫೈಲು. ವಿವೇಕದ ಕ್ರಮ ಇದಕ್ಕೆ ತೀರ ವಿರುದ್ಧ. ಯಂತ್ರವನ್ನು ಮತ್ತೆ ಕೊಳ್ಳಬಹುದು. ವಿಂಡೋಸನ್ನು ಮತ್ತೆ ತರಿಸಬಹುದು. ಬರಹವನ್ನೂ ಚಿತ್ರವನ್ನೂ ಮತ್ತೆ ತರಿಸಲು ಅಂಗಡಿಯಿಲ್ಲ. ಆದ್ದರಿಂದ ಮೊದಲು ಕಳೆದುಕೊಳ್ಳಬಾರದ ಫೈಲುಗಳ ಪಟ್ಟಿ ಮಾಡಬೇಕು. ಅವುಗಳನ್ನು ಎರಡು ಬೇರೆ ಬೇರೆ ಸಾಧನಗಳಲ್ಲಿ ನಕಲು ಮಾಡಿ, ಬೇರೊಂದು ಗಣಕದಲ್ಲಿ ತೆರೆದು ನೋಡಬೇಕು. ನಕಲಾದದ್ದೆಲ್ಲ ಉಳಿದಂತಲ್ಲ, ಓದಲು ಬಂದದ್ದು ಮಾತ್ರ ಉಳಿದಂತೆ. ಹಳೆಯ ಕನ್ನಡ ಫೈಲಾಗಿದ್ದರೆ ಅದರ ಫಾಂಟನ್ನೂ ಜೊತೆಯಲ್ಲಿ ತೆಗೆದಿಟ್ಟುಕೊಳ್ಳಬೇಕು. ಹಳೆಯ ಯಂತ್ರ ಇನ್ನೂ ಸರಿಯಾಗಿ ತೋರಿಸುತ್ತಿರುವಾಗಲೇ ಪಿಡಿಎಫ್ ರೂಪದಲ್ಲಿ ಒಂದು ಪ್ರತಿ ಮಾಡಿಕೊಂಡರೆ ಮುಂದೆ ತಾಳೆ ನೋಡಲು ಅದೇ ಸಾಕ್ಷಿ. ಆ ಬಳಿಕ, ಆ ಫೈಲುಗಳನ್ನು ತೆರೆಯಲು ಯಾವ ತಂತ್ರಾಂಶ ಬೇಕು. ಅದಕ್ಕೆ ಯಾವ ವಿಂಡೋಸ್ ಅಥವಾ ಲಿನಕ್ಸ್ ಒಪ್ಪುತ್ತದೆ. ಅದನ್ನು ನಡೆಸಲು ಈ ಬೋರ್ಡು, ಈ ಪ್ರೊಸೆಸರು ಶಕ್ತವೇ ಎಂದು ಮೇಲಿನಿಂದ ಕೆಳಕ್ಕೆ ಇಳಿದು ಬರಬೇಕು. ಭಾಗ ಕೊಳ್ಳುವ ಮಾತು ಎಲ್ಲಕ್ಕಿಂತ ಕೊನೆಯದು.

ಯಾವುದೋ ಒಂದು ಹಳೆಯ ತಂತ್ರಾಂಶ ಬೇಕೇ ಬೇಕೆಂದಾದರೆ ಅದಕ್ಕೂ ಉಪಾಯವಿದೆ. ಹೊಸ ಗಣಕದ ಒಳಗೆ ಹಳೆಯ ಗಣಕದಂತೆ ನಟಿಸುವ ತಂತ್ರಾಂಶಗಳಿವೆ. ಡಾಸ್ ಕಾಲದ ತಂತ್ರಾಂಶಗಳಿಗೆ ಡಾಸ್‌ಬಾಕ್ಸ್, ಹಳೆಯ ವಿಂಡೋಸ್‌ಗೆ ವರ್ಚುಯಲ್‌ಬಾಕ್ಸ್. 1964ರ ಯಂತ್ರಗಳು 1401ರಂತೆ ನಟಿಸಿದ್ದೂ ಇದೇ ವಿದ್ಯೆಯಿಂದ.

ಸರಸ್ವತೀಪುರದ ಮನೆಯಲ್ಲಿ ಕೆಲಸ ಸಂಜೆಗೆ ಮುಗಿಯಲಿಲ್ಲ. ಎರಡು ವಾರ ಹಿಡಿಯಿತು. ಮೊಮ್ಮಗಳು ಫಾಂಟನ್ನು ತೆಗೆದಿಟ್ಟು, ಪಿಡಿಎಫ್ ಮಾಡಿ, ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ, ದಿನಕ್ಕೆ ಹತ್ತು ಹದಿನೈದು ಪುಟದಂತೆ ಗಟ್ಟಿಯಾಗಿ ಓದಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಪರದೆಯನ್ನು ನೋಡುತ್ತಾ ತಪ್ಪು ಹಿಡಿದರು. ಮೊದಲನೆಯ ಪುಟದಲ್ಲಿಯೇ ಅವರು ಕೈಯೆತ್ತಿ ನಿಲ್ಲಿಸಿದರು.

“ಇದೆಂತದೇ ಮಗ, ನಮ್ಮೂರ ಹೆಸರು ‘ತೀಥರ್ಹಳ್ಳಿ’ ಅಂತ ಆಗಿದೆ! ಅವರು ಹೀಗೆ ಬರೆಯುವವರಲ್ಲ.”

“ಅದು ಅಜ್ಜನ ತಪ್ಪಲ್ಲ ಅಜ್ಜಿ, ಯಂತ್ರದ್ದು” ಎಂದು ಹುಡುಗಿ ನಕ್ಕು ತಿದ್ದಿದಳು.

ಅನಂತರವೇ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿಯೂ ಡಿಡಿಆರ್ 3ರ ರ್‍ಯಾಮೂ ಬಂದವು. ಪೆನ್‌ಡ್ರೈವಿನಿಂದ ಪರೀಕ್ಷಿಸಿ ನೋಡಿ ಲಿನಕ್ಸ್ ಹಾಕಿದರು. ತೆಗೆದ ಹಳೆಯ ಡಿಸ್ಕನ್ನು ಅಳಿಸದೆ ಬೀರುವಿನಲ್ಲಿಟ್ಟರು. ಹೊಸ ವ್ಯವಸ್ಥೆಯಲ್ಲಿ ಮೊದಲು ತೆರೆದದ್ದು ಅಜ್ಜನ ಫೈಲು. ಅಜ್ಜಿ ಹತ್ತಿರ ಬಂದು ಮೊದಲ ಸಾಲಿನ ಮೇಲೆ ಬೆರಳಾಡಿಸಿ, “ತೀರ್ಥಹಳ್ಳಿ” ಎಂದು ನಿಧಾನವಾಗಿ ಓದಿ, “ಈಗ ಸರಿಯಾಯಿತು” ಎಂದು ಒಳಗೆ ಹೋದರು.